ಮೂಸಿಯ ಮಹಾಪೂರವೂ ಹುಣಿಸೆಮರದ ಸಾಕ್ಷಿಯೂ
(ನಮ್ಮ ಶಾಲೆಯಲ್ಲಿ ಸೆಪ್ಟೆಂಬರ್ 28ರಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸೆಪ್ಟೆಂಬರ್ ತಿಂಗಳ 15ನೆಯ ದಿನವನ್ನು ನಾವು ಪ್ರತಿವರ್ಷವೂ ಸಂಭ್ರಮದಿಂದ ಆಚರಿಸುತ್ತೇವೆ. ಅದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದ ದಿನ. ಅವರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ, ಕೃಷ್ಣರಾಜಸಾಗರವನ್ನು ನೆನೆಯುತ್ತೇವೆ, ಸಿಹಿ ಹಂಚುತ್ತೇವೆ. ಅದಾದ ಹದಿಮೂರು ದಿನಗಳಿಗೆ ಇನ್ನೊಂದು ದಿನ ಬರುತ್ತದೆ. ಅದೇ ಸೆಪ್ಟೆಂಬರ್ 28. ಆ ದಿನಕ್ಕೆ ಮಾಲೆಯಿಲ್ಲ, ಸಿಹಿಯಿಲ್ಲ. ಪಂಚಾಂಗದಲ್ಲಾಗಲಿ ಶಾಲೆಯ ದಿನದರ್ಶಿಕೆಯಲ್ಲಾಗಲಿ ಅದಕ್ಕೊಂದು ಗುರುತೂ ಇಲ್ಲ. ಆದರೆ ವಿಶ್ವೇಶ್ವರಯ್ಯನವರನ್ನು ಹೈದರಾಬಾದಿಗೆ ಕರೆತಂದುದು ಆ ದಿನದ ದುಃಖವೇ. ಆದುದರಿಂದ ಮೊದಲನೆಯ ದಿನವನ್ನು ಆಚರಿಸುವವರು ಎರಡನೆಯ ದಿನವನ್ನೂ ಅರಿತಿರಬೇಕೆಂದು ಭಾವಿಸಿ ಇಂದಿನ ವಿಷಯವನ್ನು ಆರಿಸಿಕೊಂಡಿದ್ದೇವೆ.

1908ನೆಯ ಇಸವಿ ಸೆಪ್ಟೆಂಬರ್ 28, ಸೋಮವಾರ. ಆಗ ಹೈದರಾಬಾದು ಆರನೆಯ ನಿಜಾಮ ಮೀರ್ ಮಹಬೂಬ್ ಅಲೀಖಾನರ ರಾಜಧಾನಿ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳೂ ನಮ್ಮ ಈ ಸೀಮೆಯೂ ಅದೇ ಸಂಸ್ಥಾನಕ್ಕೆ ಸೇರಿದ್ದವು. ಆದಕಾರಣ ಹೈದರಾಬಾದಿನ ಕಷ್ಟವೆಂದರೆ ಅಂದು ನಮ್ಮ ಹಿರಿಯರಿಗೆ ಪರದೇಶದ ಕಷ್ಟವಾಗಿರಲಿಲ್ಲ. ಅದು ಅವರ ರಾಜಧಾನಿಯ ಕಷ್ಟವಾಗಿತ್ತು. ಎರಡು ದಿನಗಳ ಕಾಲ ಸುರಿದ ಮಳೆಗೆ ಮಿತಿಯೇ ಇರಲಿಲ್ಲ. ನಗರದ ದಕ್ಷಿಣಕ್ಕಿರುವ ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಯಿತು. ನಮ್ಮ ಕಡೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆಯೇ ಸುಮಾರು ಮೂವತ್ತು ಅಂಗುಲವೆಂಬುದನ್ನು ವಿದ್ಯಾರ್ಥಿಗಳು ನೆನಪಿಗೆ ತಂದುಕೊಳ್ಳಲಿ. ಅರ್ಧ ವರ್ಷದ ಮಳೆ ಎರಡೇ ದಿನಗಳಲ್ಲಿ ಬಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು?

ಅದು ಮೊದಲು ಕೆರೆಗಳಿಗೆ ಹೋಯಿತು. ಮೂಸಿಗೆ ನೀರು ಹರಿದು ಬರುವ ಸೀಮೆಯಲ್ಲಿ ಅಂದು 788 ಕೆರೆಗಳಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ ನೀರು ಇಳಿಯುವಂತೆ ಸರಪಳಿಯ ಹಾಗೆ ಅವನ್ನು ಹಿರಿಯರು ಕಟ್ಟಿದ್ದರು. ಹದವಾದ ಮಳೆಯಲ್ಲಿ ಇದಕ್ಕಿಂತ ಉತ್ತಮವಾದ ಏರ್ಪಾಡು ಬೇರೊಂದಿಲ್ಲ. ಆದರೆ ಸರಪಳಿಯ ಒಂದು ಕೊಂಡಿ ಕಳಚಿದರೆ? ಮೇಲಿನ ಕೆರೆಯ ಏರಿ ಒಡೆದಾಗ ಅದರ ನೀರೆಲ್ಲ ಒಮ್ಮೆಲೆ ಕೆಳಗಿನ ಕೆರೆಯ ಮೇಲೆ ಬಿದ್ದು ಅದನ್ನೂ ಒಡೆಯುತ್ತದೆ. ಹೀಗೆ ಅಂದು ಒಡೆದ ಕೆರೆಗಳು 221. ಆಕಾಶದ ನೀರಿನೊಡನೆ ಕೆರೆಗಳ ನೀರೂ ಕೂಡಿಕೊಂಡು ನಗರದ ಮೇಲೆ ಏರಿಬಂತು.

ನಗರದ ನಡುವೆ ಹರಿಯುವ ಮೂಸಿಗೆ ಆಗ ನಾಲ್ಕು ಸೇತುವೆಗಳಿದ್ದವು. ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ, ಈ ಮೂರೂ ಕೊಚ್ಚಿಹೋದವು. ಕುತುಬ್‌ಶಾಹಿ ಅರಸರ ಕಾಲದಲ್ಲಿ, 1578ರಲ್ಲಿ ಕಟ್ಟಿದ ಪುರಾನಾ ಪುಲ್ ಒಂದೇ ಉಳಿಯಿತು. ದಡದ ಕೇರಿಗಳಲ್ಲಿ ಮನೆಗಳು ಮಣ್ಣಾಗಿ ಕುಸಿದವು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಗರದ ಜನರಲ್ಲಿ ಕಾಲುಭಾಗದಷ್ಟು ಮಂದಿ ಮನೆಯಿಲ್ಲದವರಾದರು. ಸಂಖ್ಯೆ ದೊಡ್ಡದಾದಾಗ ಮನಸ್ಸು ಅದನ್ನು ಹಿಡಿಯಲಾರದು. ಆದುದರಿಂದ ಒಬ್ಬರ ಮಾತನ್ನು ಹೇಳುತ್ತೇವೆ. ಉರ್ದು ಭಾಷೆಯ ಪ್ರಸಿದ್ಧ ಕವಿ ಅಮ್ಜದ್ ಹೈದರಾಬಾದಿಯವರು ಆಗಿನ್ನೂ ತರುಣರು. ಆ ಮಹಾಪೂರದಲ್ಲಿ ಅವರ ತಾಯಿ, ಹೆಂಡತಿ, ಮಗಳು ಮೂವರೂ ನೀರುಪಾಲಾದರು. ಅವರೊಬ್ಬರೇ ಉಳಿದರು. ಮುಂದೆ ಆ ದುಃಖವನ್ನು ಅವರು ಕವಿತೆಯಾಗಿ ಬರೆದರು. ಒಂದು ಮನೆಯ ಕಥೆ ಇದಾದರೆ ಸಾವಿರಾರು ಮನೆಗಳ ಕಥೆಯನ್ನು ನೀವೇ ಊಹಿಸಿಕೊಳ್ಳಿರಿ.

ಇನ್ನು ಹುಣಿಸೆಮರದ ವಿಷಯ. ನದಿಯ ದಡದಲ್ಲಿ ಅಫ್ಜಲ್‌ಗಂಜ್ ಎಂಬಲ್ಲಿ ಅಂದೂ ಒಂದು ಆಸ್ಪತ್ರೆಯಿತ್ತು. ಈಗ ಅಲ್ಲಿ ನಿಂತಿರುವುದು ಉಸ್ಮಾನಿಯಾ ಆಸ್ಪತ್ರೆಯ ಭವ್ಯವಾದ ಕಟ್ಟಡ. ಅಲ್ಲಿಯ ಉದ್ಯಾನದಲ್ಲಿ ಬಹು ಹಳೆಯದಾದ ಹುಣಿಸೆಮರವೊಂದಿದೆ. ನೀರು ಏರಿದಂತೆ ಜನರು ಆ ಮರವನ್ನು ಏರಿದರು. ಸುಮಾರು 150 ಮಂದಿ ಅದರ ಕೊಂಬೆಗಳನ್ನು ಅಪ್ಪಿಕೊಂಡು ಜೀವ ಉಳಿಸಿಕೊಂಡರು. ಆ ಸಂಗತಿಯನ್ನು ತಿಳಿಸುವ ಫಲಕವನ್ನು ಅಲ್ಲಿ ನಿಲ್ಲಿಸಿದ್ದಾರೆ. ಸೆಪ್ಟೆಂಬರ್ 28ರಂದು ನಗರದ ಕೆಲವು ಸಜ್ಜನರು ಆ ಮರದಡಿ ಕೂಡಿ ಮಡಿದವರನ್ನು ನೆನೆಯುವ ರೂಢಿಯನ್ನೂ ಇಟ್ಟುಕೊಂಡಿದ್ದಾರೆ.

ನಮ್ಮ ವಿದ್ಯಾರ್ಥಿಗಳನ್ನು ಆ ಮರವಿರುವ ಸ್ಥಳಕ್ಕೆ ಕರೆದೊಯ್ದಿದ್ದಾಗ ಒಬ್ಬ ಹುಡುಗ ಮರವನ್ನು ಸುತ್ತಿ ಬಂದು, "ಸರ್, ನೀರು ಎಲ್ಲಿಯ ತನಕ ಬಂದಿತ್ತು? ಗೆರೆ ಎಲ್ಲಿದೆ?" ಎಂದು ಕೇಳಿದನು. ಪ್ರಶ್ನೆ ಒಳ್ಳೆಯದು. ಮರದ ಮೇಲೆ ಗೆರೆಯಿಲ್ಲ. ಇದ್ದರೂ ಬೆಳೆಯುವ ತೊಗಟೆಯಲ್ಲಿ ಅದು ನಿಲ್ಲದು. ಆದರೆ ನೆಲದ ಮೇಲೆ ಮನುಷ್ಯನಿಗೆ ನಿಲ್ಲಲು ಎಡೆಯಿರಲಿಲ್ಲ, ಕೊಂಬೆಯ ಮೇಲೆ ಇತ್ತು ಎಂಬಷ್ಟನ್ನು ಆ ಮರ ಹೇಳುತ್ತದೆ. ನೀರಿನ ಎತ್ತರವನ್ನು ಅಂಗುಲಗಳಲ್ಲಿ ಹೇಳುವುದು ಕಲ್ಲಿನ ಕೆಲಸ. ಆ ಎತ್ತರದಲ್ಲಿ ಮನುಷ್ಯರಿಗೆ ಏನಾಯಿತೆಂಬುದನ್ನು ಹೇಳುವುದು ಈ ಮರದ ಕೆಲಸ. ಎರಡೂ ಬೇಕು.

ಕಲ್ಲಿನ ಗುರುತು ಹೇಗಿರುತ್ತದೆಂಬುದಕ್ಕೆ ದೂರದ ಒಂದು ಉದಾಹರಣೆಯನ್ನು ಕೊಡುತ್ತೇವೆ. ಇಟಲಿ ದೇಶದಲ್ಲಿ ಆರ್ನೋ ನದಿಯ ದಡದಲ್ಲಿ ಫ್ಲಾರೆನ್ಸ್ ನಗರವಿದೆ. ಅಲ್ಲಿಯ ಒಂದು ಇಕ್ಕಟ್ಟಾದ ಬೀದಿಯ ಮೂಲೆಯಲ್ಲಿ, ಗೋಡೆಯಲ್ಲಿ ಕೂರಿಸಿದ ಹಳೆಯ ಕಲ್ಲೊಂದಿದೆ. ಅದರಲ್ಲಿ ನೀರಿನ ಅಲೆಯ ಗೆರೆಯನ್ನೂ, ಆ ಗೆರೆಯನ್ನು ಬೆರಳಿನಿಂದ ತೋರಿಸುವ ಒಂದು ಕೈಯನ್ನೂ ಕೊರೆದಿದ್ದಾರೆ. 1333ನೆಯ ಇಸವಿ ನವೆಂಬರ್ 4ರಂದು ಬಂದ ನೆರೆಯ ಗುರುತು ಅದು. ಆರು ನೂರು ವರ್ಷಗಳಿಗೂ ಮೇಲ್ಪಟ್ಟು ಆ ಕೈ ಗೆರೆಯನ್ನು ತೋರಿಸುತ್ತಲೇ ಇತ್ತು. 1966ರಲ್ಲಿ, ಅದೇ ನವೆಂಬರ್ 4ರಂದು, ಆರ್ನೋ ಮತ್ತೆ ಉಕ್ಕಿತು. ಆ ಬೀದಿಯಲ್ಲಿ ನೀರು 4.92 ಮೀಟರ್ ಏರಿತು. ಹಳೆಯ ಕಲ್ಲಿಗಿಂತ ಮೇಲೆ ಹೊಸ ಫಲಕವನ್ನು ಕೂರಿಸಬೇಕಾಯಿತು.

ಇದರಿಂದ ನಾವು ಕಲಿಯತಕ್ಕದ್ದೇನು? ನೆರೆಯ ಗುರುತು ನದಿ ಕೊಟ್ಟ ಭಾಷೆಯಲ್ಲ. "ಇದಕ್ಕಿಂತ ಮೇಲೆ ಬರಲಾರೆ" ಎಂದು ನದಿ ಯಾವ ಗೋಡೆಯ ಮೇಲೂ ಬರೆದುಕೊಟ್ಟಿಲ್ಲ. "ಒಮ್ಮೆ ಇಲ್ಲಿಯವರೆಗೆ ಬಂದಿದ್ದೆ" ಎಂದಷ್ಟೇ ಆ ಗೆರೆಯ ಅರ್ಥ. ಅದನ್ನು ಗಡಿಯೆಂದು ತಿಳಿದವರು ಮೋಸಹೋಗುತ್ತಾರೆ. ಎಚ್ಚರಿಕೆಯೆಂದು ತಿಳಿದವರು ಬದುಕುತ್ತಾರೆ.

ಗುರುತಿನಿಂದ ಇನ್ನೊಂದು ಪ್ರಯೋಜನವಿದೆ. ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಮಹಾಪೂರ ಭೋರ್ಗರೆಯುವಾಗ ನದಿಗಿಳಿದು ಅಳೆಯುವ ಧೈರ್ಯ ಯಾರಿಗಿದೆ? ನೀರು ಇಳಿದ ಮೇಲೆ ಗೋಡೆಗಳಲ್ಲಿ ಉಳಿದ ಕೆಸರಿನ ಗೆರೆಗಳೇ ಎಂಜಿನಿಯರರಿಗೆ ಆಧಾರ. ಗೆರೆಯಿಂದ ನೀರಿನ ಆಳ ತಿಳಿಯುತ್ತದೆ. ಎರಡು ದಡಗಳ ಗೆರೆಗಳಿಂದ ಅಗಲ ತಿಳಿಯುತ್ತದೆ. ಮೇಲಿನ ಊರಿನ ಗೆರೆಗೂ ಕೆಳಗಿನ ಊರಿನ ಗೆರೆಗೂ ಇರುವ ಎತ್ತರದ ವ್ಯತ್ಯಾಸದಿಂದ ನೀರಿನ ಇಳಿಜಾರು, ಇಳಿಜಾರಿನಿಂದ ವೇಗ ತಿಳಿಯುತ್ತದೆ. ಅಗಲವನ್ನು ಆಳದಿಂದಲೂ ಬಂದುದನ್ನು ವೇಗದಿಂದಲೂ ಗುಣಿಸಿದರೆ ಹರಿದ ನೀರಿನ ಪ್ರಮಾಣ ದೊರೆಯುತ್ತದೆ. ಒಂದು ನದಿಯ ಅಗಲ 1,000 ಅಡಿ, ಸರಾಸರಿ ಆಳ 20 ಅಡಿ, ವೇಗ ಸೆಕೆಂಡಿಗೆ 10 ಅಡಿ ಎಂದಿಟ್ಟುಕೊಳ್ಳಿರಿ. ಸೆಕೆಂಡಿಗೆ 2,00,000 ಘನ ಅಡಿ ನೀರಾಯಿತು. 1908ರ ಮೂಸಿಯಲ್ಲಿ ಅತ್ಯಧಿಕವಾಗಿ ಹರಿದ ನೀರನ್ನು ಸೆಕೆಂಡಿಗೆ ಸುಮಾರು 4,25,000 ಘನ ಅಡಿ ಎಂದು ಲೆಕ್ಕ ಹಾಕಿದ್ದಾರೆ. ಬೇಸಿಗೆಯಲ್ಲಿ ನೀವು ನಡೆದು ದಾಟಬಹುದಾದ ನದಿ ಅದು!

ಈ ಲೆಕ್ಕದ ಬೆಲೆಯನ್ನು ಬಲ್ಲವರು ವಿಶ್ವೇಶ್ವರಯ್ಯನವರು. ಅವರು ಮುಂಬಯಿ ಸರಕಾರದ ಸೇವೆಯನ್ನು ಬಿಟ್ಟು ಯುರೋಪಿನ ಪ್ರವಾಸದಲ್ಲಿದ್ದಾಗ ನಿಜಾಮರ ಸರಕಾರದಿಂದ ಕರೆ ಹೋಯಿತು. 1909ರಲ್ಲಿ ಹೈದರಾಬಾದಿಗೆ ಬಂದು, ಮಳೆಯ ಲೆಕ್ಕ, ಕೆರೆಗಳ ಲೆಕ್ಕ, ನದಿಯ ಲೆಕ್ಕಗಳನ್ನೆಲ್ಲ ಕೂಡಿಸಿ, ಅದೇ ವರ್ಷ ತಮ್ಮ ವರದಿಯನ್ನು ಒಪ್ಪಿಸಿದರು. ನದಿ ನಗರದಲ್ಲಿ ಉಕ್ಕಿದ ಮೇಲೆ ತಡೆಯುವುದಕ್ಕಿಂತ ನಗರಕ್ಕೆ ಬರುವ ಮೊದಲೇ ಅದಕ್ಕೆ ನಿಲ್ಲಲು ಎಡೆ ಮಾಡಿಕೊಡಬೇಕು ಎಂಬುದು ಅವರ ಸಲಹೆಯ ತಿರುಳು. ಅದರಂತೆ ಮೂಸಿಗೆ ಗಂಡಿಪೇಟೆಯ ಬಳಿ ಕಟ್ಟಿದ ಉಸ್ಮಾನ್ ಸಾಗರವು 1920ರಲ್ಲಿಯೂ, ಅದರ ಉಪನದಿಯಾದ ಈಸಿಗೆ ಕಟ್ಟಿದ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣವಾದವು. ನೆರೆಯನ್ನು ತಡೆಯಲೆಂದು ಕಟ್ಟಿದ ಆ ಜಲಾಶಯಗಳು ದಶಕಗಳ ಕಾಲ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ದುಃಖದಿಂದ ಹುಟ್ಟಿದ ಬುದ್ಧಿ ತಲೆಮಾರುಗಳಿಗೆ ನೀರುಣಿಸಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ರಕ್ಷಣೆ ದೊರೆತಲ್ಲಿ ಮರೆವೂ ಹುಟ್ಟುತ್ತದೆ. ಅಣೆಕಟ್ಟು ಕಟ್ಟಿಯಾಯಿತು, ಇನ್ನು ನದಿ ಬರಲಾರದು ಎಂಬ ನಂಬಿಕೆಯಿಂದ ಜನರು ನದಿಯ ಪಾತ್ರಕ್ಕೇ ಇಳಿದರು. ಗೋಡೆಗಳು ಎದ್ದವು, ಕೆರೆಗಳ ಅಂಗಳಗಳು ಬಡಾವಣೆಗಳಾದವು. 2020ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಭಾರಿ ಮಳೆಯಾದಾಗ ಪಲ್ಲೆ ಚೆರುವು, ಗುರ್ರಂ ಚೆರುವು ಎಂಬ ಕೆರೆಗಳು ಒಡೆದು ಹಳೆಯ ನಗರದ ಕೇರಿಗಳಿಗೆ ನೀರು ನುಗ್ಗಿತು. ಕೆರೆ ಒಡೆದರೆ ಏನಾಗುತ್ತದೆಂಬ 1908ರ ಪಾಠವನ್ನು ನಗರವು ಮತ್ತೊಮ್ಮೆ ಓದಬೇಕಾಯಿತು. 2025ರ ಸೆಪ್ಟೆಂಬರ್ 26ರ ರಾತ್ರಿ ಎರಡೂ ಜಲಾಶಯಗಳಿಂದ ನೀರನ್ನು ಬಿಡಬೇಕಾಗಿ ಬಂದು ಮೂಸಿ ಉಕ್ಕಿತು. ನದಿಯ ನಡುವೆಯೇ ಇರುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣವು ಜಲಾವೃತವಾಗಿ ಪ್ರಯಾಣಿಕರನ್ನು ಹೊರಗೆ ಸಾಗಿಸಬೇಕಾಯಿತು. ಬೆಳಗಾದರೆ 27ನೆಯ ತಾರೀಖು, ಅಂದರೆ 1908ರ ಮಹಾಪೂರದ ವಾರ್ಷಿಕ ದಿನಕ್ಕೆ ಒಂದೇ ದಿನ ಬಾಕಿ. ಆ ನಿಲ್ದಾಣದಿಂದ ನಮ್ಮೂರ ಬಸ್ಸನ್ನು ಹಿಡಿದ ಪಾಲಕರು ಈ ಸಭೆಯಲ್ಲಿ ಅನೇಕರಿದ್ದೀರಿ.

"ಇದೆಲ್ಲ ಹೈದರಾಬಾದಿನ ಮಾತಾಯಿತು, ನಮಗೇನು ಸಂಬಂಧ?" ಎಂದು ಯಾರಾದರೂ ಕೇಳಬಹುದು. ಸಂಬಂಧವನ್ನು ನೆಲವೇ ಹೇಳುತ್ತದೆ. ಮೂಸಿ ಹುಟ್ಟುವುದು ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ. ನಮ್ಮ ಕಾಗಿಣಾ ಹುಟ್ಟುವುದೂ ಆ ಬೆಟ್ಟಗಳ ಸೀಮೆಯಲ್ಲಿಯೇ. ಮೂಸಿ ಪೂರ್ವಕ್ಕೆ ಹರಿದು ಹೈದರಾಬಾದನ್ನು ಹಾದುಹೋಗುತ್ತದೆ. ಕಾಗಿಣಾ ಪಶ್ಚಿಮಕ್ಕೆ ಹರಿದು ತಾಂಡೂರನ್ನು ದಾಟಿ, ಸೇಡಂ ಸೀಮೆಯಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ, ಎಂದರೆ ಇಂದಿನ ಮಳಖೇಡದ ಕೋಟೆಯನ್ನು ಮುಟ್ಟಿ ಭೀಮೆಯನ್ನು ಸೇರುತ್ತದೆ. ಭೀಮೆಯೂ ಮೂಸಿಯೂ ಕೊನೆಗೆ ಕೃಷ್ಣೆಯ ಪಾಲಾಗುತ್ತವೆ. ಒಂದೇ ಬೆಟ್ಟದ ಮಳೆ ಎರಡು ದಾರಿ ಹಿಡಿದು ಎರಡು ರಾಜಧಾನಿಗಳನ್ನು ಕಂಡು ಮತ್ತೆ ಒಂದಾಗುತ್ತದೆ. ಇಂತಹ ಸೀಮೆಯಲ್ಲಿರುವ ನಾವು ಬೇರೆಯವರ ನೆರೆ, ನಮ್ಮ ನೆರೆ ಎಂದು ಹೇಗೆ ಬೇರೆಮಾಡುವುದು? ಮೇಲಿರುವವರು ಕೆರೆಯ ಏರಿಯನ್ನು ಕಾಪಾಡಿದರೆ ಕೆಳಗಿರುವವರ ಪ್ರಾಣ ಉಳಿಯುತ್ತದೆ. ಅಲ್ಲದೆ ಕಾಗಿಣೆಯೂ ಮಳೆಗಾಲದಲ್ಲಿ ಸುಮ್ಮನಿರುವವಳಲ್ಲ. ಸೇತುವೆ ಮುಳುಗಿ ಶಾಲೆಗೆ ಬರಲಾಗದ ಹೊಳೆಯಾಚೆಯ ಮಕ್ಕಳ ಹಾಜರಿ ಪುಸ್ತಕವೇ ಅದಕ್ಕೆ ಸಾಕ್ಷಿ.

ಆದುದರಿಂದ ಈ ವರ್ಷ ನಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಒಪ್ಪಿಸುತ್ತಿದ್ದೇವೆ. ಪ್ರತಿಯೊಬ್ಬರೂ ತಮ್ಮ ಊರಿನ ಹಿರಿಯರನ್ನು ಕಂಡು, ಹೊಳೆ ಅಥವಾ ಹಳ್ಳ ಅತ್ಯಧಿಕವಾಗಿ ಏರಿದ್ದು ಯಾವ ವರ್ಷ, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ ಬರೆದು ತರಬೇಕು. "ತುಂಬಾ ನೀರು ಬಂದಿತ್ತು" ಎಂದರೆ ಸಾಲದು. ಯಾವ ಗುಡಿಯ ಎಷ್ಟನೆಯ ಮೆಟ್ಟಿಲು, ಯಾರ ಮನೆಯ ಕಟ್ಟೆ, ಯಾವ ಕಂಬ ಎಂಬುದು ಬೇಕು. ಒಬ್ಬರ ಮಾತನ್ನೇ ನಂಬದೆ ಮೂವರನ್ನು ಕೇಳಬೇಕು. ಮೂವರೂ ಒಂದೇ ಎತ್ತರವನ್ನು ತೋರಿಸಿದಲ್ಲಿ ಊರಿನವರ ಒಪ್ಪಿಗೆಯನ್ನು ಪಡೆದು ಗಟ್ಟಿಯಾದ ಗೋಡೆಯ ಮೇಲೆ ಗೆರೆಯನ್ನು ಎಳೆಯೋಣ.

ಗೆರೆಯನ್ನು ಎಳೆಯುವುದಕ್ಕೂ ಕ್ರಮವಿದೆ. ಗೌಂಡಿಗಳು ಉಪಯೋಗಿಸುವ ನೀರಿನ ನಳಿಗೆಯನ್ನು ನೀವು ನೋಡಿದ್ದೀರಿ. ನಳಿಗೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅದರಿಂದ ಒಂದು ಗೋಡೆಯ ಗುರುತನ್ನು ಪಕ್ಕದ ಗಟ್ಟಿ ಗೋಡೆಗೆ ತಪ್ಪಿಲ್ಲದೆ ಸಾಗಿಸಬಹುದು. ಆದರೆ ಒಂದು ಊರಿನ ಗುರುತನ್ನು ಇನ್ನೊಂದು ಊರಿಗೆ ಹೀಗೆ ಸಾಗಿಸಲಾಗದು. ಹರಿಯುವ ನೀರಿಗೆ ಇಳಿಜಾರುಂಟು. ಗೆರೆಯ ಬಳಿ ದಿನ, ತಿಂಗಳು, ಇಸವಿಗಳನ್ನು ಬರೆಯಬೇಕು. ಅದನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಬರೆಯೋಣ. ಭಾಷೆ ನೋಡಿ ನೆರೆ ಬರುವುದಿಲ್ಲ. ಈ ಮೂರು ಭಾಷೆಗಳನ್ನೂ ಕೇಳುತ್ತ ಬೆಳೆದ ನಮ್ಮ ಮಕ್ಕಳಿಗೆ ಇದು ಹೊರೆಯಲ್ಲ, ಅಭಿಮಾನದ ಕೆಲಸ. ಗೋಡೆಗೆ ಸುಣ್ಣ ಹಚ್ಚುವಾಗ ಗೆರೆ ಮುಚ್ಚದಂತೆ ನೋಡಿಕೊಳ್ಳುವುದು ಆಯಾ ಊರಿನ ವಿದ್ಯಾರ್ಥಿಗಳ ಜವಾಬ್ದಾರಿ.

ಪಾಲಕರಿಗೂ ಒಂದು ಬಿನ್ನಹ. ನಮ್ಮ ಮಕ್ಕಳಲ್ಲಿ ಅನೇಕರು ಓದು ಮುಗಿಸಿ ಉದ್ಯೋಗಕ್ಕಾಗಿ ಹೈದರಾಬಾದಿಗೆ ಹೋಗುತ್ತಾರೆ. ಕೆಲವು ವರ್ಷಗಳಲ್ಲಿ ಅಲ್ಲಿಯೇ ಒಂದು ನಿವೇಶನವನ್ನು ಕೊಳ್ಳುವ ಮಾತು ಬರುತ್ತದೆ. ಬೆಲೆಯನ್ನು ಕೇಳುತ್ತೇವೆ, ಕಾಗದಪತ್ರಗಳನ್ನು ನೋಡುತ್ತೇವೆ, ದಿಕ್ಕನ್ನೂ ವಾಸ್ತುವನ್ನೂ ವಿಚಾರಿಸುತ್ತೇವೆ. ಅವುಗಳೊಡನೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿರಿ: "ಇಲ್ಲಿ ಮೊದಲು ಏನಿತ್ತು? ಮಳೆಗಾಲದಲ್ಲಿ ನೀರು ಎಲ್ಲಿಯ ತನಕ ಬರುತ್ತಿತ್ತು?" ಅಗ್ಗದ ನಿವೇಶನ ಕೆರೆಯಂಗಳದಲ್ಲಿ ಇರಬಹುದು. ಮಾರುವವನು ಅದನ್ನು ಹೇಳಲಾರನು. ಪಕ್ಕದ ಹಳ್ಳಿಯ ಮುದುಕಿ ಹೇಳುವಳು. ಅವಳ ಮಾತಿಗಾಗಿ ಅರ್ಧ ದಿನ ಕಾಯ್ದರೆ ನಷ್ಟವಿಲ್ಲ. ಜೀವಮಾನದ ಉಳಿತಾಯವೂ ಮಕ್ಕಳ ಪ್ರಾಣವೂ ಆ ಒಂದು ಉತ್ತರವನ್ನು ಅವಲಂಬಿಸಿರಬಹುದು.

ಮರವನ್ನು ಏರಿ ಉಳಿದ ಆ 150 ಮಂದಿಯಲ್ಲಿ ಇಂದು ಯಾರೂ ಜೀವಿಸಿಲ್ಲ. ಕಂಡವರು ಹೋದ ಮೇಲೆ ಕಾಣದವರಿಗೆ ತಿಳಿಸಲು ಒಂದು ಮರವಿದೆ, ಒಂದು ಫಲಕವಿದೆ, ವರ್ಷಕ್ಕೊಂದು ದಿನವಿದೆ. ನಮ್ಮ ಹೊಳೆಯ ದಡದಲ್ಲಿ ಕಂಡವರು ಇನ್ನೂ ಇದ್ದಾರೆ, ಆದರೆ ಗುರುತಿಲ್ಲ. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮ ಕರ್ತವ್ಯ. ದಸರೆಯ ರಜೆ ಹತ್ತಿರ ಬಂದಿದೆ. ರಜೆ ಕಳೆದು ಶಾಲೆ ತೆರೆದ ಮೊದಲ ಶನಿವಾರ ನಿಮ್ಮ ಬರಹಗಳನ್ನು ತರಗತಿಯ ಉಪಾಧ್ಯಾಯರಿಗೆ ಒಪ್ಪಿಸಿರಿ. ಮೊದಲ ಗೆರೆಯನ್ನು ಯಾವ ಊರಿನಲ್ಲಿ ಎಳೆಯುವುದೆಂಬುದನ್ನು ಅಂದೇ ಎಲ್ಲರೂ ಕೂಡಿ ನಿಶ್ಚಯಿಸೋಣ.